ಹೊಗೆಯೊಳಗಿನ ಹುಳಿ ಇಬ್ಬನಿ

ಹಿಂಗಾರಿನ ಕಾಲದಲ್ಲಿ ನವಲಗುಂದ, ಅಣ್ಣಿಗೇರಿಗಳ ಸುತ್ತಣ ಎರೆಹೊಲಗಳಲ್ಲಿ ಕಡಲೆಯ ಬೆಳೆ ಹಸುರಾಗಿ ಹಬ್ಬಿರುತ್ತದೆ. ಚಳಿಗಾಲದ ಮುಂಜಾವಿನಲ್ಲಿ ಆ ಗಿಡಗಳ ಮೇಲೆ ಇಬ್ಬನಿ ಕುಳಿತಿರುತ್ತದೆ. ರಾತ್ರಿಯೇ ತೆಳುವಾದ ಬಿಳಿಯ ಅರಿವೆಯನ್ನು ಗಿಡಗಳ ಮೇಲೆ ಹಾಸಿಟ್ಟು, ಬೆಳಗ್ಗೆ ಅದನ್ನು ಹಿಂಡಿದರೆ ಹುಳಿಯಾದ ನೀರು ದೊರೆಯುತ್ತದೆ. ಇದೇ ಕಡಲೆ ಹುಳಿ. ಹೊಟ್ಟೆನೋವಿಗೆ ಮದ್ದೆಂದು ಹಳ್ಳಿಯ ಹಿರಿಯರು ಇದನ್ನು ಶೀಸೆಯಲ್ಲಿ ತುಂಬಿಡುವುದುಂಟು. ಇಬ್ಬನಿ ಹುಟ್ಟಿದಾಗ ಬರಿಯ ನೀರು. ಕಡಲೆಯ ಎಲೆಗಳ ಮೇಲಿರುವ ಸೂಕ್ಷ್ಮ ರೋಮಗಳು ಒಸರುವ ಆಮ್ಲ ಅದರಲ್ಲಿ ಕರಗುವುದರಿಂದ ಅದು ಹುಳಿಯಾಗುತ್ತದೆ.

ಇಂತಹದೇ ಇನ್ನೊಂದು ಇಬ್ಬನಿ ಇದೆ. ಅದು ಹೊಲದಲ್ಲಿ ಬೀಳುವುದಿಲ್ಲ. ಕಾರ್ಖಾನೆಯ ಬಾಯ್ಲರಿನ ಹೊಗೆದಾರಿಯಲ್ಲಿ, ಯಾರ ಕಣ್ಣಿಗೂ ಕಾಣದಂತೆ ಬೀಳುತ್ತದೆ. ಅದು ಮದ್ದಲ್ಲ, ಕಬ್ಬಿಣವನ್ನು ತಿನ್ನುವ ವಿಷ. ಆ ಇಬ್ಬನಿ ಹೇಗೆ ಹುಟ್ಟುತ್ತದೆ, ಅದನ್ನು ತಡೆಯುವ ಬಗೆ ಯಾವುದು, ತಡೆದ ಮಾತ್ರಕ್ಕೆ ನಮ್ಮ ಹೊಣೆ ತೀರಿತೇ ಎಂಬುದನ್ನು ಈ ಪಾಠದಲ್ಲಿ ವಿಚಾರ ಮಾಡೋಣ.

ನೀರನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ, ಒತ್ತಡವುಳ್ಳ ಉಗಿಯನ್ನು ತಯಾರಿಸುವ ಯಂತ್ರವೇ ಬಾಯ್ಲರು. ನಮ್ಮ ನಾಡಿಗೆ ಅದು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮಾರ್ಗವಾಗಿ ಗದಗಿಗೆ ಹಳಿಗಳನ್ನು ಹಾಸಿದಾಗ, ಈ ಬಯಲಿನಲ್ಲಿ ಓಡಿದ ಉಗಿಬಂಡಿಗಳ ಹೊಟ್ಟೆಯಲ್ಲಿದ್ದುದು ಬಾಯ್ಲರೇ. ಉಗಿಬಂಡಿಗಳ ಕಾಲ ಮುಗಿದರೂ ಬಾಯ್ಲರಿನ ಕಾಲ ಮುಗಿಯಲಿಲ್ಲ. ಬಟ್ಟೆಗೆ ಬಣ್ಣ ಹಾಕುವುದಕ್ಕೆ, ಹಾಲನ್ನು ಕಾಯಿಸುವುದಕ್ಕೆ, ಔಷಧಗಳನ್ನು ತಯಾರಿಸುವುದಕ್ಕೆ, ದೊಡ್ಡ ಆಸ್ಪತ್ರೆಗಳಲ್ಲಿ ಅರಿವೆಗಳನ್ನು ಶುದ್ಧಗೊಳಿಸುವುದಕ್ಕೆ ಇಂದಿಗೂ ಉಗಿ ಬೇಕು. ಕುಂದಗೋಳ, ಕಲಘಟಗಿಗಳ ಹಳ್ಳಿಗಳಿಂದ ಹುಬ್ಬಳ್ಳಿ ಧಾರವಾಡಗಳ ಕಾರ್ಖಾನೆಗಳಿಗೆ ದುಡಿಯಲು ಹೋಗುವ ತರುಣರಲ್ಲಿ ಬಾಯ್ಲರಿನ ಮುಂದೆ ನಿಲ್ಲುವವರೂ ಇರಬಹುದು.

ಬಾಯ್ಲರಿಗೆ ಕಟ್ಟಿಗೆ, ಕಬ್ಬಿನ ಸಿಪ್ಪೆ, ಕಲ್ಲಿದ್ದಲು, ಅನಿಲ ಯಾವುದಾದರೂ ಉರುವಲಾಗಬಹುದು. ಫರ್ನೇಸ್ ಆಯಿಲ್ ಎಂಬ ಕಪ್ಪು ಎಣ್ಣೆಯನ್ನು ಉರಿಸುವ ಬಾಯ್ಲರುಗಳೂ ಉಂಟು. ನೆಲದಿಂದ ತೆಗೆದ ಕಚ್ಚಾತೈಲವನ್ನು ಶುದ್ಧೀಕರಣಾಗಾರದಲ್ಲಿ ಕಾಯಿಸಿ ಪೆಟ್ರೋಲು, ಸೀಮೆಎಣ್ಣೆ, ಡೀಸೆಲುಗಳನ್ನು ಬೇರ್ಪಡಿಸಿದ ಮೇಲೆ ತಳದಲ್ಲಿ ಉಳಿಯುವ ದಪ್ಪನೆಯ ದ್ರವವೇ ಇದಕ್ಕೆ ಮೂಲ. ಇದು ಎಷ್ಟು ಮಂದವೆಂದರೆ, ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸದ ಹೊರತು ಬರ್ನರಿನಲ್ಲಿ ತುಂತುರಾಗಿ ಒಡೆಯುವುದಿಲ್ಲ. ಕಚ್ಚಾತೈಲದಲ್ಲಿದ್ದ ಗಂಧಕದ ಬಹುಭಾಗವೂ, ವೆನೇಡಿಯಂ ಮೊದಲಾದ ಲೋಹಗಳೂ ಈ ತಳದ ಭಾಗದಲ್ಲಿಯೇ ಸೇರಿಕೊಳ್ಳುತ್ತವೆ. ಹಾಲು ಕಾಯಿಸಿದಾಗ ಸೀಕಲು ಪಾತ್ರೆಯ ತಳದಲ್ಲಿ ಉಳಿಯುವಂತೆ ಇದು. ಗಂಧಕ ಹೆಚ್ಚಾಗಿರುವ ಫರ್ನೇಸ್ ಆಯಿಲಿನಲ್ಲಿ ನೂರು ಕಿಲೋಗ್ರಾಂಗೆ ಮೂರು ನಾಲ್ಕು ಕಿಲೋಗ್ರಾಂ ಗಂಧಕವಿರಬಹುದು.

ಇದು ಅಲ್ಪವೆಂದು ತೋರಬಹುದು. ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ ಒಂದು ಟನ್ನು ಉಗಿಯನ್ನು ಕೊಡುವ ಸಣ್ಣ ಬಾಯ್ಲರೊಂದು ಸುಮಾರು ಹದಿನೈದು ಗಂಟೆಗಳಲ್ಲಿ ಒಂದು ಟನ್ನು ಎಣ್ಣೆಯನ್ನು ಉರಿಸುತ್ತದೆ. ಎಣ್ಣೆಯಲ್ಲಿ ಶೇಕಡ 3.5ರಷ್ಟು ಗಂಧಕವಿದ್ದರೆ, ಆ ಒಂದು ಟನ್ನಿನಲ್ಲಿ 35 ಕಿಲೋಗ್ರಾಂ ಗಂಧಕವಿರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಉರಿದಾಗ ಗಂಧಕದ ಡೈಆಕ್ಸೈಡು ಎಂಬ ಅನಿಲ ಸುಮಾರು 70 ಕಿಲೋಗ್ರಾಂ ಉತ್ಪತ್ತಿಯಾಗುತ್ತದೆ. ಪಟಾಕಿ ಸುಟ್ಟಾಗ ಮೂಗಿಗೆ ಬಡಿಯುವ ಕಟುವಾದ ವಾಸನೆ ಈ ಅನಿಲದ್ದೇ. ಇದರ ಬಹುಭಾಗ ಚಿಮಣಿಯ ಮೂಲಕ ಹೊರಟುಹೋಗುತ್ತದೆ. ಆದರೆ ನೂರರಲ್ಲಿ ಒಂದೆರಡು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಮತ್ತಷ್ಟು ಆಮ್ಲಜನಕವನ್ನು ಹೀರಿಕೊಂಡು ಗಂಧಕದ ಟ್ರೈಆಕ್ಸೈಡಾಗಿ ಮಾರ್ಪಡುತ್ತದೆ. ಎಣ್ಣೆಯ ಬೂದಿಯಲ್ಲಿರುವ ವೆನೇಡಿಯಂ ಈ ಮಾರ್ಪಾಟನ್ನು ಚುರುಕುಗೊಳಿಸುತ್ತದೆ. ಗಂಧಕಾಮ್ಲವನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಇದೇ ವೆನೇಡಿಯಂ ಆಕ್ಸೈಡನ್ನು ಇದೇ ಕೆಲಸಕ್ಕೆ ಬೇಕೆಂದೇ ಬಳಸುತ್ತಾರೆ! ಎಣ್ಣೆಯಲ್ಲಿರುವ ಜಲಜನಕ ಉರಿದು ನೀರಾವಿಯಾಗುವುದರಿಂದ ಹೊಗೆಯಲ್ಲಿ ನೀರಿಗೇನೂ ಕೊರತೆಯಿಲ್ಲ. ಟ್ರೈಆಕ್ಸೈಡೂ ನೀರಾವಿಯೂ ಕೂಡಿದರೆ ಗಂಧಕಾಮ್ಲ. ಶೇಕಡ ಎರಡರ ಲೆಕ್ಕ ಹಿಡಿದರೂ, ಒಂದು ಟನ್ನು ಎಣ್ಣೆಯಿಂದ ಸುಮಾರು ಎರಡು ಕಿಲೋಗ್ರಾಂ ಗಂಧಕಾಮ್ಲ ಹುಟ್ಟಬಲ್ಲದು. ಹೀಗೆ ಉಗಿ ತಯಾರಿಸಲೆಂದು ಹೂಡಿದ ಬಾಯ್ಲರು, ಯಾರೂ ಕೇಳದಿದ್ದರೂ, ಒಂದು ಪುಟ್ಟ ಆಮ್ಲದ ಕಾರ್ಖಾನೆಯೂ ಆಗುತ್ತದೆ.

ಆಮ್ಲವು ಆವಿಯಾಗಿರುವ ತನಕ ಕಬ್ಬಿಣಕ್ಕೆ ಅಷ್ಟು ಭಯವಿಲ್ಲ. ಅದು ಹನಿಯಾದಾಗಲೇ ಅಪಾಯ. ಗಾಳಿಯಲ್ಲಿರುವ ಆವಿ ತಂಪಾಗುತ್ತ ಬಂದು ಯಾವ ಉಷ್ಣತೆಯಲ್ಲಿ ಹನಿಯಾಗತೊಡಗುತ್ತದೆಯೋ ಅದಕ್ಕೆ ಇಬ್ಬನಿ ಬಿಂದು ಎಂದು ಹೆಸರು. ಹೊಗೆಯಲ್ಲಿ ಬರಿಯ ನೀರಾವಿಯಿದ್ದಿದ್ದರೆ ಸುಮಾರು 50 ಡಿಗ್ರಿಯವರೆಗೂ ಹನಿ ಮೂಡುತ್ತಿರಲಿಲ್ಲ. ಆದರೆ ಅತ್ಯಲ್ಪವಾದ ಗಂಧಕಾಮ್ಲ ಸೇರಿದರೂ ಇಬ್ಬನಿ ಬಿಂದು ಥಟ್ಟನೆ ಮೇಲೇರಿ 120ರಿಂದ 150 ಡಿಗ್ರಿಗಳವರೆಗೆ ಹೋಗುತ್ತದೆ. ಅಂದರೆ, ನೀರು ಕುದಿಯುವುದಕ್ಕಿಂತಲೂ ಬಿಸಿಯಾಗಿರುವ ಕಬ್ಬಿಣದ ಮೇಲೆ ಆಮ್ಲದ ಇಬ್ಬನಿ ಬೀಳುತ್ತದೆ! ಹಾಗೆ ಬಿದ್ದ ಹನಿಯಲ್ಲಿ ನೂರಕ್ಕೆ ಎಪ್ಪತ್ತು ಭಾಗಕ್ಕೂ ಮಿಕ್ಕಿ ಆಮ್ಲವೇ ಇರುತ್ತದೆ. ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾದ ಲೋಹ ಒದ್ದೆಯಾಗಲಾರದೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಸಾಮಾನ್ಯ ಬುದ್ಧಿ ಸೋಲುವ ಇಂತಹ ಕಡೆಗಳಲ್ಲಿಯೇ ವಿಜ್ಞಾನದ ಅಳತೆ ಬೇಕಾಗುತ್ತದೆ.

ಆ ಅಳತೆಗೆ ಒಂದು ಸರಳವಾದ ದಾರಿಯನ್ನು ತೋರಿಸಿದವರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎಚ್. ಎಫ್. ಜಾನ್‌ಸ್ಟನ್. 1929ರಲ್ಲಿ ಅವರು ಹೊಗೆಯ ಇಬ್ಬನಿ ಬಿಂದುವನ್ನು ವಿದ್ಯುತ್ತಿನ ಸಹಾಯದಿಂದ ಕಂಡುಹಿಡಿಯುವ ಕ್ರಮವನ್ನು ಪ್ರಕಟಿಸಿದರು. ಅದರ ತತ್ತ್ವ ಇಷ್ಟೇ: ಗಾಜಿನ ಮೇಲೆ ಎರಡು ತಂತಿಗಳ ತುದಿಗಳನ್ನು ಒಂದಕ್ಕೊಂದು ತಾಗದಂತೆ ಕೂಡಿಸಿ ಹೊಗೆಯಲ್ಲಿ ಹಿಡಿಯಬೇಕು, ಗಾಜನ್ನು ನಿಧಾನವಾಗಿ ತಂಪುಗೊಳಿಸಬೇಕು. ಒಣಗಾಜಿನ ಮೇಲೆ ವಿದ್ಯುತ್ತು ಹರಿಯುವುದಿಲ್ಲ. ಆಮ್ಲದ ತೆಳುಪೊರೆ ಮೂಡಿದ ಕ್ಷಣವೇ ತಂತಿಗಳ ನಡುವೆ ವಿದ್ಯುತ್ತು ಹರಿಯತೊಡಗುತ್ತದೆ. ಆಗಿನ ಉಷ್ಣತೆಯೇ ಇಬ್ಬನಿ ಬಿಂದು.

ಬಾಯ್ಲರಿನ ಯಾವ ಭಾಗ ಈ ಇಬ್ಬನಿಗೆ ತುತ್ತಾಗುತ್ತದೆ? ಇದನ್ನು ತಿಳಿಯಲು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಹನಿ ಬೀಳುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಹೊಗೆಯ ಉಷ್ಣತೆಗಿಂತ ಹೆಚ್ಚಾಗಿ ಲೋಹದ ಉಷ್ಣತೆ. ತಣ್ಣೀರು ತುಂಬಿದ ಹಿತ್ತಾಳೆಯ ತಂಬಿಗೆ ಸೆಕೆಯಲ್ಲಿಯೂ ಹೊರಮೈಯಲ್ಲಿ ಬೆವರುವುದನ್ನು ನೀವು ನೋಡಿದ್ದೀರಿ. ಸುತ್ತಲಿನ ಗಾಳಿ ಬಿಸಿಯಾಗಿದ್ದರೂ ತಂಬಿಗೆಯ ಮೈ ತಂಪಾಗಿರುತ್ತದೆ. ಬಾಯ್ಲರಿನ ಕೊಳವೆಯ ಉಷ್ಣತೆಯೂ ಅದನ್ನು ಮುಟ್ಟಿರುವ ನೀರಿನ ಉಷ್ಣತೆಗೆ ಸಮೀಪವಾಗಿರುತ್ತದೆ. ಒಂದು ಚದರ ಸೆಂಟಿಮೀಟರಿಗೆ 10 ಕಿಲೋಗ್ರಾಂ ಒತ್ತಡದಲ್ಲಿ ಕೆಲಸ ಮಾಡುವ ಬಾಯ್ಲರಿನಲ್ಲಿ ನೀರು ಕುದಿಯುವುದು ಸುಮಾರು 180 ಡಿಗ್ರಿಯಲ್ಲಿ. ಇದು ಆಮ್ಲದ ಇಬ್ಬನಿ ಬಿಂದುವಿಗಿಂತ ಮೇಲಿರುವುದರಿಂದ, ಬಾಯ್ಲರು ಪೂರ್ಣ ಒತ್ತಡದಲ್ಲಿ ನಡೆಯುತ್ತಿರುವಾಗ ಅದರ ಮುಖ್ಯ ಕೊಳವೆಗಳು ಸುರಕ್ಷಿತ. ಕಷ್ಟವೆಲ್ಲ ಅದರ ಬಾಲದಲ್ಲಿ.

ಬಾಯ್ಲರನ್ನು ದಾಟಿ ಬರುವ ಹೊಗೆಯಲ್ಲಿ ಇನ್ನೂ ಸಾಕಷ್ಟು ಶಾಖ ಉಳಿದಿರುತ್ತದೆ. ಅದನ್ನು ವ್ಯರ್ಥವಾಗಿ ಬಿಡಬಾರದೆಂದು ಹೊಗೆಯ ದಾರಿಯಲ್ಲಿ ಎಕನಾಮೈಸರ್ ಎಂಬ ಕೊಳವೆಗಳ ಸಾಲನ್ನು ಇಟ್ಟು, ಬಾಯ್ಲರಿಗೆ ಹೋಗುವ ನೀರನ್ನು ಅದರಲ್ಲಿ ಕಾಯಿಸುತ್ತಾರೆ. ದೊಡ್ಡ ಸ್ಥಾವರಗಳಲ್ಲಿ ಉರಿಗೆ ಬೇಕಾದ ಗಾಳಿಯನ್ನೂ ಅದೇ ಹೊಗೆಯಿಂದ ಕಾಯಿಸುವ ಉಪಕರಣವಿರುತ್ತದೆ. ಹೊಗೆಯ ಉಷ್ಣತೆಯನ್ನು ಸುಮಾರು 22 ಡಿಗ್ರಿ ಇಳಿಸಿದರೆ ಬಾಯ್ಲರಿನ ದಕ್ಷತೆ ಶೇಕಡ ಒಂದರಷ್ಟು ಏರುತ್ತದೆಂದು ಇಂಜಿನಿಯರುಗಳ ಲೆಕ್ಕ. ನೂರು ಟನ್ನು ಎಣ್ಣೆ ಉರಿಸುವಲ್ಲಿ ಸುಮಾರು ಒಂದು ಟನ್ನು ಉಳಿಯಿತೆಂದರೆ ಯಾವ ಮಾಲೀಕನಿಗೆ ತಾನೆ ಬೇಡ? ಆದರೆ ಎಕನಾಮೈಸರಿಗೆ ತಣ್ಣೀರನ್ನು ಬಿಟ್ಟರೆ ಅದರ ಕೊಳವೆಗಳ ಮೈ ಇಬ್ಬನಿ ಬಿಂದುವಿಗಿಂತ ಕೆಳಗಿಳಿಯುತ್ತದೆ, ಆಮ್ಲ ಹನಿಯುತ್ತದೆ, ಕಬ್ಬಿಣ ಕರಗಿ ಕಬ್ಬಿಣದ ಸಲ್ಫೇಟಾಗಿ ಹೊಪ್ಪಳಿಕೆ ಏಳುತ್ತದೆ, ಕೊನೆಗೊಂದು ದಿನ ಕೊಳವೆ ತೂತು ಬೀಳುತ್ತದೆ. ಉಳಿಸಿದ ಎಣ್ಣೆಯ ಹಣ ಹೊಸ ಕೊಳವೆಗಳಿಗೆ ಹೋಗುತ್ತದೆ. ಲೋಹದ ಈ ಸವೆತಕ್ಕೆ ಸಂಕ್ಷಾರಣ ಎಂದು ಹೆಸರು. ಬಾಯ್ಲರಿನ ತಂಪಾದ ತುದಿಯಲ್ಲಿ ಆಗುವುದರಿಂದ ಇದನ್ನು ತಂಪುತುದಿಯ ಸಂಕ್ಷಾರಣವೆನ್ನಬಹುದು.

ಗಂಧಕ ಹೆಚ್ಚಿರುವ ಎಣ್ಣೆಯನ್ನು ಉರಿಸುವವರ ಮುಂದಿರುವ ಮುಖ್ಯ ಸಮಸ್ಯೆ ಇದೇ. ಹೊಗೆಯಲ್ಲಿ ಶಾಖವನ್ನು ಹೆಚ್ಚಾಗಿ ಬಿಟ್ಟರೆ ಉರುವಲಿಗೆ ನಷ್ಟ. ಪೂರ್ತಿ ಹಿಂಡಿಕೊಳ್ಳಹೋದರೆ ಯಂತ್ರಕ್ಕೆ ನಷ್ಟ. ಎರಡರ ನಡುವಣ ಹದವನ್ನು ಕಂಡುಕೊಳ್ಳುವುದೇ ಜಾಣತನ.

ಬಿಸಿಯಾದ ತುದಿಯಲ್ಲಿಯೂ ಒಂದು ಶತ್ರುವಿದೆ. ವಿದ್ಯುತ್ತನ್ನು ಉತ್ಪಾದಿಸುವಂತಹ ದೊಡ್ಡ ಬಾಯ್ಲರುಗಳಲ್ಲಿ ಉಗಿಯನ್ನು ಮತ್ತೆ ಕಾಯಿಸುವ ಸೂಪರ್‌ಹೀಟರ್ ಕೊಳವೆಗಳು ಇರುತ್ತವೆ. ಎಣ್ಣೆಯ ಬೂದಿಯಲ್ಲಿರುವ ವೆನೇಡಿಯಂ ಮತ್ತು ಸೋಡಿಯಂ ಒಂದುಗೂಡಿ ಆಗುವ ಸಂಯುಕ್ತಗಳಲ್ಲಿ ಕೆಲವು 550 ಡಿಗ್ರಿಯ ಆಸುಪಾಸಿನಲ್ಲಿಯೇ ಕರಗುತ್ತವೆ. ಕರಗಿದ ಬೂದಿ ಅಂಟಿನಂತೆ ಕೊಳವೆಗೆ ಹತ್ತಿಕೊಂಡು, ಉಕ್ಕಿನ ಮೈಮೇಲೆ ರಕ್ಷಣೆಯಾಗಿರುವ ಆಕ್ಸೈಡಿನ ಪೊರೆಯನ್ನು ಕರಗಿಸಿ, ಒಳಗಿನ ಲೋಹವನ್ನು ತಿನ್ನತೊಡಗುತ್ತದೆ. ತಂಪುತುದಿಯಲ್ಲಿ ಲೋಹ ಬಹಳ ತಣ್ಣಗಾಗಬಾರದು. ಬಿಸಿತುದಿಯಲ್ಲಿ ಬಹಳ ಬಿಸಿಯಾಗಬಾರದು. ಒಂದೇ ಎಣ್ಣೆ ಎರಡು ಕಡೆಗಳಿಂದ ಯಂತ್ರವನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ.

ಇನ್ನು ಮೂರನೆಯ ಅಪಾಯ ಬಾಯ್ಲರು ಕೆಲಸ ಮಾಡದೆ ಇರುವಾಗ ಬರುತ್ತದೆ. ಬೆಂಕಿ ಆರಿಸಿದ ಮೇಲೆ ಲೋಹವೆಲ್ಲ ತಣ್ಣಗಾಗಿ ಇಬ್ಬನಿ ಬಿಂದುವಿಗಿಂತ ಕೆಳಗಿಳಿಯುತ್ತದೆ. ಕೊಳವೆಗಳಿಗೆ ಹತ್ತಿದ ಮಸಿಯಲ್ಲಿ ಆಮ್ಲ ಇಂಗಿರುತ್ತದೆ. ಮಳೆಗಾಲದ ತೇವವನ್ನು ಹೀರಿಕೊಂಡು ಆ ಮಸಿ ಒದ್ದೆಯಾದ ಗೋಣಿಯಂತೆ ಕಬ್ಬಿಣವನ್ನು ಅಪ್ಪಿಕೊಂಡಿರುತ್ತದೆ. ಸುಗ್ಗಿಯಲ್ಲಿ ಮಾತ್ರ ದುಡಿದು ಉಳಿದ ತಿಂಗಳುಗಳಲ್ಲಿ ಬಾಗಿಲು ಮುಚ್ಚಿರುವ ಕಾರ್ಖಾನೆಗಳು ಈ ಮಾತನ್ನು ಮರೆಯಬಾರದು. ಮೇಲಿಂದ ಮೇಲೆ ಆರಿಸಿ ಹೊತ್ತಿಸುವ ಬಾಯ್ಲರಿಗೂ ಇದೇ ಗತಿ. ಪ್ರತಿ ಸಲವೂ ಅದು ತಂಪಿನಿಂದ ಬಿಸಿಗೆ ಏರುವಾಗ ಆಮ್ಲದ ಇಬ್ಬನಿಯನ್ನು ದಾಟಿಯೇ ಬರಬೇಕು. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕವು ಆರಂಭವಾದ ಉಷ್ಣವಿದ್ಯುತ್ ಸ್ಥಾವರವು ಕಲ್ಲಿದ್ದಲನ್ನು ಉರಿಸುವಂತಹದು. ಆದರೆ ಇಂತಹ ಸ್ಥಾವರಗಳಲ್ಲಿಯೂ ತಣ್ಣಗಿರುವ ಬಾಯ್ಲರನ್ನು ಹೊತ್ತಿಸಲು ಮೊದಲು ಎಣ್ಣೆಯೇ ಬೇಕು. ಆದುದರಿಂದ ಎಣ್ಣೆಯ ಗಂಧಕದ ವಿಚಾರ ಕಲ್ಲಿದ್ದಲಿನ ಸ್ಥಾವರಕ್ಕೂ ಹೊರತಲ್ಲ.

ಈಗ ತಡೆಯುವ ಬಗೆಗಳನ್ನು ನೋಡೋಣ.

ಮೊದಲನೆಯದು ಗಾಳಿಯ ಹಿಡಿತ. ಒಂದು ಕಿಲೋಗ್ರಾಂ ಎಣ್ಣೆ ಉರಿಯಲು ಸುಮಾರು 14 ಕಿಲೋಗ್ರಾಂ ಗಾಳಿ ಬೇಕು. ಗಾಳಿ ಸಾಲದಿದ್ದರೆ ಕರಿಹೊಗೆ. ಅದಕ್ಕಾಗಿ ಸ್ವಲ್ಪ ಹೆಚ್ಚು ಗಾಳಿಯನ್ನು ಬಿಡುವುದು ರೂಢಿ. ಆದರೆ ಮಿತಿಮೀರಿ ಬಿಟ್ಟರೆ ಮಿಕ್ಕ ಆಮ್ಲಜನಕವೇ ಡೈಆಕ್ಸೈಡನ್ನು ಟ್ರೈಆಕ್ಸೈಡನ್ನಾಗಿ ಮಾಡುತ್ತದೆ; ಮೇಲಾಗಿ ಬೇಡದ ಗಾಳಿಯನ್ನು ಕಾಯಿಸಿ ಹೊರಗೆ ಕಳಿಸಿದಂತೆಯೂ ಆಗುತ್ತದೆ. ಎಣ್ಣೆಯನ್ನು ಸರಿಯಾಗಿ ಕಾಯಿಸಿ, ಬರ್ನರಿನ ಮೂತಿಯನ್ನು ಶುಚಿಯಾಗಿಟ್ಟು, ಎಣ್ಣೆ ನುಣ್ಣನೆಯ ತುಂತುರಾಗುವಂತೆ ನೋಡಿಕೊಂಡರೆ ಕಡಿಮೆ ಗಾಳಿಯಲ್ಲಿಯೇ ಉರಿ ಚೆನ್ನಾಗಿ ನಿಲ್ಲುತ್ತದೆ. ಹಣ ಕೊಡದೆ ದೊರೆಯುವ ಔಷಧ ಇದು.

ಎರಡನೆಯದು ಲೋಹವನ್ನು ಬೆಚ್ಚಗಿಡುವುದು. ಎಕನಾಮೈಸರಿಗೆ ತಣ್ಣೀರನ್ನು ನೇರವಾಗಿ ಬಿಡದೆ, ಮೊದಲೇ ಕಾಯಿಸಿ ಬಿಡಬೇಕು. ಗಂಧಕ ಹೆಚ್ಚಿರುವ ಎಣ್ಣೆಯನ್ನು ಉರಿಸುವ ದೊಡ್ಡ ಸ್ಥಾವರಗಳಲ್ಲಿ ನೀರನ್ನು 130ರಿಂದ 140 ಡಿಗ್ರಿಯವರೆಗೆ ಕಾಯಿಸಿ ಬಿಡುವುದುಂಟು. ಚಿಮಣಿಗೂ ಹೊಗೆಯ ದಾರಿಗೂ ಶಾಖ ಸೋರದಂತೆ ಹೊದಿಕೆ ಹಾಕಬೇಕು. ಬಾಗಿಲುಗಳ ಸಂದುಗಳಿಂದ ತಣ್ಣನೆಯ ಗಾಳಿ ಒಳನುಗ್ಗದಂತೆ ಮುಚ್ಚಬೇಕು. ಒಂದು ಸಣ್ಣ ಸಂದಿನ ಸುತ್ತಲೂ ಲೋಹ ತಣ್ಣಗಾಗಿ, ಅಲ್ಲಿಯೇ ತೂತು ಬೀಳಬಹುದು.

ಮೂರನೆಯದು ಶುಚಿತ್ವ. ಕೊಳವೆಗಳ ಮೇಲಿನ ಮಸಿಯನ್ನು ಆಗಾಗ ಉಗಿಯಿಂದ ಊದಿ, ಇಲ್ಲವೆ ಕುಂಚದಿಂದ ಉಜ್ಜಿ ತೆಗೆಯಬೇಕು. ಬಾಯ್ಲರನ್ನು ಬಹುಕಾಲ ನಿಲ್ಲಿಸುವಾಗ ಮಸಿಯನ್ನೆಲ್ಲ ಕೆರೆದು, ಸೋಡಾ ಕರಗಿಸಿದ ನೀರಿನಿಂದ ತೊಳೆದು, ಉಳಿದ ಆಮ್ಲವನ್ನು ನಿರ್ವೀರ್ಯಗೊಳಿಸಿ, ಬಳಿಕ ಪೂರ್ತಿ ಒಣಗಿಸಬೇಕು. ಬರಿಯ ನೀರಿನಿಂದ ತೊಳೆದು ಹಾಗೆಯೇ ಬಿಡುವುದು ತೊಳೆಯದೆ ಬಿಡುವುದಕ್ಕಿಂತ ಕೆಟ್ಟದ್ದು. ಒಣಗಿದ ಬಾಯ್ಲರಿನೊಳಗೆ ಸುಟ್ಟ, ಆದರೆ ನೀರು ತಾಗದ ಕಲ್ಲುಸುಣ್ಣವನ್ನು ತಟ್ಟೆಗಳಲ್ಲಿಟ್ಟು ಮುಚ್ಚಿದರೆ, ಒಳಗಿನ ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ.

ನಾಲ್ಕನೆಯದು ಮದ್ದು ಬೆರೆಸುವುದು. ಮೆಗ್ನೀಸಿಯಂ ಆಕ್ಸೈಡಿನಂತಹ ಪದಾರ್ಥವನ್ನು ಎಣ್ಣೆಯಲ್ಲಿ ಸೇರಿಸಿದರೆ, ಅದು ವೆನೇಡಿಯಂನೊಡನೆ ಕೂಡಿ ಸುಮಾರು 1000 ಡಿಗ್ರಿಗೂ ಸುಲಭವಾಗಿ ಕರಗದ ಬೂದಿಯಾಗುತ್ತದೆ. ಕರಗದ ಬೂದಿ ಅಂಟುವುದಿಲ್ಲ, ಉದುರಿಹೋಗುತ್ತದೆ. ಅದೇ ಮೆಗ್ನೀಸಿಯಂ ತಂಪುತುದಿಯಲ್ಲಿ ಆಮ್ಲದ ಸ್ವಲ್ಪ ಭಾಗವನ್ನು ನಿರ್ವೀರ್ಯಗೊಳಿಸುವುದೂ ಉಂಟು. ಐದನೆಯದಾಗಿ, ಆಮ್ಲವನ್ನು ಹೆಚ್ಚು ಕಾಲ ತಾಳಬಲ್ಲ ಉಕ್ಕನ್ನೋ ಗಾಜಿನಂತಹ ಲೇಪವುಳ್ಳ ತಗಡುಗಳನ್ನೋ ತಂಪುತುದಿಯಲ್ಲಿ ಬಳಸುತ್ತಾರೆ. ಇವು ಶತ್ರುವನ್ನು ತಡೆದು ನಿಲ್ಲಿಸುತ್ತವೆಯೇ ಹೊರತು ಇಲ್ಲವಾಗಿಸುವುದಿಲ್ಲ.

ಇಷ್ಟೆಲ್ಲ ಎಚ್ಚರಿಕೆ ಬರಿಯ ಹಣದ ಉಳಿತಾಯಕ್ಕಾಗಿ ಅಲ್ಲ. ಒಂದು ಲೀಟರು ನೀರು ಸಾಮಾನ್ಯ ಒತ್ತಡದಲ್ಲಿ ಉಗಿಯಾದರೆ ಸುಮಾರು 1,600 ಲೀಟರು ಜಾಗವನ್ನು ಬೇಡುತ್ತದೆ. ಈ ಶಕ್ತಿಯನ್ನು ಕಟ್ಟಿಹಿಡಿದಿರುವುದು ಕೆಲವೇ ಮಿಲಿಮೀಟರು ದಪ್ಪದ ಉಕ್ಕು. ಆ ಉಕ್ಕು ಸವೆದು ತೆಳ್ಳಗಾದರೆ, ಮೊದಲು ಅಪಾಯಕ್ಕೆ ಗುರಿಯಾಗುವವನು ಬಾಯ್ಲರಿನ ಮುಂದೆ ನಿಂತು ದುಡಿಯುವ ಕಾರ್ಮಿಕ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಹಲವರು ಪ್ರಾಣ ಕಳೆದುಕೊಂಡರು. ಅದರ ಫಲವಾಗಿ ಮರುವರ್ಷವೇ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾಯಿದೆಯಾಯಿತು. 1923ರಲ್ಲಿ ಭಾರತೀಯ ಬಾಯ್ಲರು ಕಾಯಿದೆ ಬಂದಿತು. 2025ರಲ್ಲಿ ಅದರ ಸ್ಥಾನವನ್ನು ಹೊಸ ಬಾಯ್ಲರು ಕಾಯಿದೆ ವಹಿಸಿಕೊಂಡಿತು. ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯವರು ಈ ಕೆಲಸವನ್ನು ನೋಡಿಕೊಳ್ಳುತ್ತಾರೆ. ಬಾಯ್ಲರಿಗೆ ತಪಾಸಣೆಯ ಪ್ರಮಾಣಪತ್ರ ಬೇಕಾದಂತೆಯೇ, ಅದನ್ನು ನಡೆಸುವವನಿಗೂ ಪರೀಕ್ಷೆಯಲ್ಲಿ ತೇರ್ಗಡೆಯಾದ ಅರ್ಹತಾಪತ್ರ ಬೇಕು. ಆದರೆ ತಪಾಸಣೆಯವರು ಬರುವುದು ವರ್ಷದಲ್ಲಿ ಎಲ್ಲೋ ಒಂದು ದಿನ. ಉಳಿದ ದಿನಗಳಲ್ಲಿ ಬಾಯ್ಲರನ್ನು ಕಾಯುವವನು ಅದರ ನಿರ್ವಾಹಕನೇ. ಹೊಗೆಯ ಉಷ್ಣತೆ ಎಷ್ಟು, ನೀರಿನ ಉಷ್ಣತೆ ಎಷ್ಟು, ಮಸಿಯನ್ನು ಎಂದು ತೆಗೆದದ್ದು ಎಂಬುದನ್ನು ತಪ್ಪದೆ ಪುಸ್ತಕದಲ್ಲಿ ಬರೆದಿಡುವ ಅವನ ಶ್ರದ್ಧೆಯೇ ಎಲ್ಲ ಔಷಧಗಳಿಗಿಂತ ಮಿಗಿಲು.

ಇಲ್ಲಿಗೆ ಪಾಠ ಮುಗಿಯಿತೆಂದು ತಿಳಿಯಬಾರದು. ಮೇಲೆ ಹೇಳಿದ ಉಪಾಯಗಳಿಂದ ಬಾಯ್ಲರು ಉಳಿಯಿತು, ನಿಜ. ಆದರೆ ಒಂದು ಟನ್ನು ಎಣ್ಣೆಯಲ್ಲಿದ್ದ ಆ 35 ಕಿಲೋಗ್ರಾಂ ಗಂಧಕ ಎಲ್ಲಿ ಹೋಯಿತು? ಅದು ಹನಿಯಾಗದಂತೆ ಎಚ್ಚರಿಕೆಯಿಂದ ಚಿಮಣಿಯನ್ನು ದಾಟಿಸಿದೆವು, ಅಷ್ಟೇ. ಹೊರಗೆ ಹೋದ ಅನಿಲ ಉಸಿರಾಟಕ್ಕೆ ಕೇಡು. ಮೋಡದ ನೀರಿನಲ್ಲಿ ಕರಗಿದರೆ ಆಮ್ಲದ ಮಳೆ. ಆಮ್ಲದಲ್ಲಿ ತೋಯ್ದ ಮಸಿಯ ಚೂರುಗಳು ಚಿಮಣಿಯ ಸುತ್ತಲಿನ ಮನೆಗಳ ಅಂಗಳದಲ್ಲಿ ಒಣಗಹಾಕಿದ ಅರಿವೆಗಳ ಮೇಲೂ ಗಿಡಗಳ ಎಲೆಗಳ ಮೇಲೂ ಬಿದ್ದು ಕಲೆ ಮಾಡುತ್ತವೆ. ನಮ್ಮ ಮನೆಯ ಕಸವನ್ನು ನೆರೆಯವರ ಅಂಗಳಕ್ಕೆ ಗುಡಿಸಿ ಮನೆ ಚೊಕ್ಕಟವಾಯಿತೆಂದು ಹಿಗ್ಗುವುದು ಸರಿಯೇ?

ಈ ಪ್ರಶ್ನೆಯನ್ನು ಲೋಕ ತಡವಾಗಿಯಾದರೂ ಕೇಳಿಕೊಂಡಿದೆ. ಆಗ್ರಾದ ತಾಜಮಹಲಿನ ಅಮೃತಶಿಲೆಗೆ ಗಂಧಕದ ಹೊಗೆಯಿಂದ ಹಾನಿಯಾಗುವುದನ್ನು ತಡೆಯಲು, ಸುತ್ತಲಿನ ಕಾರ್ಖಾನೆಗಳು ಕಲ್ಲಿದ್ದಲನ್ನು ಬಿಟ್ಟು ನೈಸರ್ಗಿಕ ಅನಿಲವನ್ನು ಬಳಸಬೇಕು, ಇಲ್ಲವೆ ಬೇರೆಡೆಗೆ ಹೋಗಬೇಕು ಎಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿತು. 2017ರಲ್ಲಿ ಅದೇ ನ್ಯಾಯಾಲಯವು ದೆಹಲಿಯ ನೆರೆಯ ಉತ್ತರ ಪ್ರದೇಶ, ಹರಿಯಾಣ, ರಾಜಸ್ಥಾನಗಳ ಕಾರ್ಖಾನೆಗಳಲ್ಲಿ ಫರ್ನೇಸ್ ಆಯಿಲಿನ ಬಳಕೆಯನ್ನು ನಿಷೇಧಿಸಿತು. ಸಮುದ್ರದ ಮೇಲೆ ಸಂಚರಿಸುವ ಹಡಗುಗಳ ಎಣ್ಣೆಯಲ್ಲಿ ಶೇಕಡ 3.5ರವರೆಗೆ ಇರಬಹುದಾಗಿದ್ದ ಗಂಧಕದ ಮಿತಿಯನ್ನು ಅಂತರರಾಷ್ಟ್ರೀಯ ನೌಕಾಯಾನ ಸಂಸ್ಥೆಯು 2020ರ ಜನವರಿ 1ರಿಂದ ಶೇಕಡ 0.5ಕ್ಕೆ ಇಳಿಸಿತು.

ಗಂಧಕವನ್ನು ಮೂಲದಲ್ಲಿಯೇ ತೆಗೆಯುವ ವಿದ್ಯೆ ಮನುಷ್ಯನಿಗೆ ತಿಳಿಯದ್ದೇನೂ ಅಲ್ಲ. ಶುದ್ಧೀಕರಣಾಗಾರದಲ್ಲಿ ಎಣ್ಣೆಯನ್ನು ಹೆಚ್ಚು ಒತ್ತಡದಲ್ಲಿ ಜಲಜನಕದೊಡನೆ ಸೇರಿಸಿದರೆ, ಗಂಧಕವು ಜಲಜನಕದೊಡನೆ ಕೂಡಿ ಅನಿಲವಾಗಿ ಬೇರ್ಪಡುತ್ತದೆ. ಆ ಅನಿಲದಿಂದ ಹಳದಿಯ ಗಂಧಕವನ್ನು ಮರಳಿ ಪಡೆದು, ರಸಗೊಬ್ಬರ ಮುಂತಾದವುಗಳ ತಯಾರಿಕೆಗೆ ಬಳಸುತ್ತಾರೆ. ನಮ್ಮ ರಾಜ್ಯದ ಮಂಗಳೂರಿನ ಶುದ್ಧೀಕರಣಾಗಾರದಲ್ಲಿಯೂ ಹೀಗೆ ಗಂಧಕವನ್ನು ಬೇರ್ಪಡಿಸುವ ಘಟಕಗಳಿವೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ವಾಹನಗಳಿಗೆ ಮಾರುವ ಡೀಸೆಲಿನ ಒಂದು ಕಿಲೋಗ್ರಾಂನಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಗಂಧಕವಿರಕೂಡದೆಂಬ ನಿಯಮವಿದೆ. ಶೇಕಡ 3.5ರ ಫರ್ನೇಸ್ ಆಯಿಲಿನ ಒಂದು ಕಿಲೋಗ್ರಾಂನಲ್ಲಿರುವುದು 35 ಗ್ರಾಂ. ಒಂದಕ್ಕೆ ಮೂರು ಸಾವಿರದ ಐನೂರರಷ್ಟು ಅಂತರ! ನವಲಗುಂದದ ರೈತನ ಟ್ರ್ಯಾಕ್ಟರಿಗೆ ದೊರೆತಿರುವ ಶುದ್ಧಿ ಕಾರ್ಖಾನೆಯ ಕುಲುಮೆಗೂ ದೊರೆಯಬೇಕಾಗಿದೆ. ಅಗ್ಗದ ಎಣ್ಣೆಯನ್ನೇ ಉರಿಸಬೇಕಾದ ಕಡೆಗಳಲ್ಲಿ, ಹೊಗೆಯನ್ನು ಸುಣ್ಣದ ನೀರಿನಿಂದ ತೊಳೆದು ಗಂಧಕವನ್ನು ಜಿಪ್ಸಮ್ಮಾಗಿ ಹಿಡಿದಿಡುವ ಉಪಾಯವೂ ಇದೆ.

ಇದಕ್ಕೆಲ್ಲ ವೆಚ್ಚವಾಗುತ್ತದೆಂಬುದು ನಿಜ. ಆದರೆ ಅಗ್ಗವೆಂದು ತೋರುವ ಉರುವಲಿನ ಬೆಲೆಯನ್ನು ಯಾರಾದರೂ ತೆತ್ತೇ ತೀರಬೇಕು. ಎಚ್ಚರಿಕೆಯಿಲ್ಲದ ಕಡೆ ಅದನ್ನು ಕಬ್ಬಿಣ ತೆರುತ್ತದೆ. ಕಬ್ಬಿಣವನ್ನು ಮಾತ್ರ ಉಳಿಸಿಕೊಂಡ ಕಡೆ ನೆರೆಹೊರೆಯವರು ತೆರುತ್ತಾರೆ. ಯಂತ್ರವನ್ನೂ, ಅದರ ಮುಂದೆ ದುಡಿಯುವವನನ್ನೂ, ಅದರ ಹೊಗೆಯ ಕೆಳಗೆ ಬಾಳುವವರನ್ನೂ ಒಂದೇ ಲೆಕ್ಕದಲ್ಲಿ ಸೇರಿಸಿಕೊಳ್ಳುವವನೇ ನಿಜವಾದ ಇಂಜಿನಿಯರು. ನಾಳೆ ಬಾಯ್ಲರಿನ ಮುಂದೆ ನಿಲ್ಲುವ ಕೈಗಳು ನಿಮ್ಮವಾಗಿರಬಹುದು. ಆ ಲೆಕ್ಕವನ್ನು ಇಂದೇ ಕಲಿಯುವುದು ಒಳ್ಳೆಯದು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಕಡಲೆಯ ಗಿಡದ ಮೇಲಿನ ಇಬ್ಬನಿ ಹುಳಿಯಾಗಲು ಕಾರಣವೇನು?
2. ಇಬ್ಬನಿ ಬಿಂದು ಎಂದರೇನು?
3. ಗಂಧಕದ ಟ್ರೈಆಕ್ಸೈಡು ಹುಟ್ಟುವುದನ್ನು ಚುರುಕುಗೊಳಿಸುವ ಲೋಹ ಯಾವುದು?
4. ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾಯಿದೆ ಬರಲು ಕಾರಣವಾದ ಘಟನೆ ಯಾವುದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಬಾಯ್ಲರಿನ ಮುಖ್ಯ ಕೊಳವೆಗಳು ಉಳಿದು, ಎಕನಾಮೈಸರಿನ ಕೊಳವೆಗಳು ಕೆಡುವುದೇಕೆ?
2. ಗಾಳಿಯನ್ನು ಮಿತಿಮೀರಿ ಬಿಡುವುದರಿಂದ ಆಗುವ ಎರಡು ನಷ್ಟಗಳಾವುವು?
3. ಬಾಯ್ಲರನ್ನು ಬಹುಕಾಲ ನಿಲ್ಲಿಸುವಾಗ ಯಾವ ಎಚ್ಚರಿಕೆಗಳನ್ನು ವಹಿಸಬೇಕು?

ಇ) ವಿಸ್ತರಿಸಿ ಬರೆಯಿರಿ:
“ಅಗ್ಗವೆಂದು ತೋರುವ ಉರುವಲಿನ ಬೆಲೆಯನ್ನು ಯಾರಾದರೂ ತೆತ್ತೇ ತೀರಬೇಕು.” ಈ ಮಾತನ್ನು ಪಾಠದ ಉದಾಹರಣೆಗಳೊಡನೆ ವಿವರಿಸಿರಿ.

ಈ) ಮಾಡಿ ನೋಡಿರಿ:
ಒಂದು ತಂಬಿಗೆಯಲ್ಲಿ ತಣ್ಣೀರನ್ನೂ ಇನ್ನೊಂದರಲ್ಲಿ ಬಿಸಿನೀರನ್ನೂ ತುಂಬಿ, ಹೊರಮೈಯನ್ನು ಒರೆಸಿ ಅಕ್ಕಪಕ್ಕದಲ್ಲಿಡಿರಿ. ಯಾವುದರ ಹೊರಮೈ ಬೆವರುತ್ತದೆ? ಕಾರಣವನ್ನು ಬರೆಯಿರಿ.